ಎರಡನೆಯ ಗರ್ಭ

"ಅದಕ್ಕೇನ್ ತಿಳೀತದ್ರಿ ಫಾದರ್, ಇನ್ನೂ ಕೂಸು." ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಕುಟುಂಬಗಳನ್ನು ಭೇಟಿ ಮಾಡುವ ಯಾವ ಗುರುವೂ ಈ ಮಾತನ್ನು ಕೇಳದೆ ಇರಲಾರ. ತೊಟ್ಟಿಲಲ್ಲಿ ಕೂಸು ಮಲಗಿರುತ್ತದೆ. ಅದರ ಪಕ್ಕದಲ್ಲಿಯೇ ಹಿರಿಯರು ಸಾಲದ ಮಾತನಾಡುತ್ತಾರೆ, ಜಗಳವಾಡುತ್ತಾರೆ, ಮತ್ತೆ ಹೆಣ್ಣು ಹುಟ್ಟಿತಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ. ಕೂಸು ಅತ್ತರೆ, ಅಳಲಿ, ಅತ್ತಷ್ಟೂ ಎದೆ ಗಟ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ. ಹೇಳುವವರಲ್ಲಿ ಕ್ರೌರ್ಯವಿಲ್ಲ. ಮಾತು ಬಾರದ ಜೀವಕ್ಕೆ ಅರಿವೂ ಇರಲಾರದೆಂಬ ಹಳೆಯ ನಂಬಿಕೆ ಅವರಿಂದ ಈ ಮಾತನ್ನು ಆಡಿಸುತ್ತದೆ.

ಈ ನಂಬಿಕೆ ಹಳ್ಳಿಯವರದು ಮಾತ್ರವೆಂದು ಯಾರೂ ತಿಳಿಯಬಾರದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮನುಷ್ಯನ ಮನಸ್ಸನ್ನು ಏನನ್ನೂ ಬರೆಯದ ಬಿಳಿಯ ಹಾಳೆಗೆ ಹೋಲಿಸಿದನು. ಆಧುನಿಕ ಆಸ್ಪತ್ರೆಗಳೂ ಬಹುಕಾಲ ಇದೇ ಭ್ರಮೆಯಲ್ಲಿದ್ದವು. ಪಾಶ್ಚಾತ್ಯ ದೇಶಗಳಲ್ಲಿ 1980ರ ದಶಕದವರೆಗೂ ನವಜಾತ ಶಿಶುಗಳಿಗೆ ಸಾಕಷ್ಟು ನೋವುನಿವಾರಕವನ್ನು ಕೊಡದೆಯೇ ಅನೇಕ ಸಲ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಭಾರತ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಮತ್ತು ಅವರ ಸಹೋದ್ಯೋಗಿ 1987ರಲ್ಲಿ ಪ್ರಕಟಿಸಿದ ಲೇಖನವು, ಶಿಶುವಿಗೂ ನೋವಿದೆ, ಆ ನೋವು ಅದರ ದೇಹದ ಮೇಲೆ ಪರಿಣಾಮ ಬೀರುತ್ತದೆ ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿತು.

ಇಂದು ನಮಗೆ ಇನ್ನೂ ಹೆಚ್ಚು ತಿಳಿದಿದೆ. ಹುಟ್ಟಿ ಮೂರು ದಿನಗಳೂ ತುಂಬದ ಶಿಶು ತನ್ನ ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಬೇರ್ಪಡಿಸಿ ಗುರುತಿಸಬಲ್ಲದು, ಆ ದನಿಯನ್ನೇ ಕೇಳಲು ಬಯಸುತ್ತದೆ ಎಂಬುದು 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಿಂದ ಸಿದ್ಧವಾಯಿತು. ಗರ್ಭದಲ್ಲಿದ್ದಾಗಲೇ ಅದು ಆ ದನಿಯನ್ನು ಕೇಳಿಸಿಕೊಂಡಿರುತ್ತದೆ. ಹಾಗಾದರೆ ತೊಟ್ಟಿಲಲ್ಲಿರುವುದು ಬರಿಯ ಹಾಳೆಯಲ್ಲ. ಬಂದವರು ಯಾರು, ತನಗೆ ಓಗೊಡುವವರು ಯಾರು ಎಂದು ಹುಡುಕುತ್ತಿರುವ ಒಂದು ಜೀವ.

ಸಂತ ತೋಮಸ್ ಅಕ್ವಿನಾಸರು (1225–1274) ಒಂದು ಸೊಗಸಾದ ಹೋಲಿಕೆಯನ್ನು ಕೊಟ್ಟಿದ್ದಾರೆ. ತಂದೆತಾಯಿಗಳ ಇಚ್ಛೆಗೆ ವಿರುದ್ಧವಾಗಿ ಅನ್ಯಧರ್ಮೀಯರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ಕೂಡದೆಂದು ವಾದಿಸುವಾಗ ಅವರು ಈ ಹೋಲಿಕೆಯನ್ನು ಬಳಸುತ್ತಾರೆ. ಮಗು ಮೊದಲು ತಾಯಿಯ ಒಡಲಿನಲ್ಲಿರುತ್ತದೆ. ಹುಟ್ಟಿದ ಮೇಲೆ, ವಿವೇಚನಾಶಕ್ತಿ ಮೂಡುವವರೆಗೆ, ಅದು ತಂದೆತಾಯಿಗಳ ಆರೈಕೆಯೆಂಬ ಆಧ್ಯಾತ್ಮಿಕ ಗರ್ಭದಲ್ಲಿರುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಏಳುನೂರೈವತ್ತು ವರ್ಷಗಳ ಹಿಂದಿನ ಈ ದಾರ್ಶನಿಕನಿಗೆ ಮೆದುಳಿನ ರಚನೆ ತಿಳಿದಿರಲಿಲ್ಲ. ಆದರೂ ಇಂದಿನ ವಿಜ್ಞಾನ ಕಂಡುಕೊಂಡಿರುವ ಸತ್ಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ಮನುಷ್ಯನು ಎರಡು ಗರ್ಭಗಳಲ್ಲಿ ಬೆಳೆಯುತ್ತಾನೆ. ಮೊದಲನೆಯದನ್ನು ತಾಯಿಯೊಬ್ಬಳೇ ಹೊರುತ್ತಾಳೆ. ಎರಡನೆಯದನ್ನು ಹೊರಬೇಕಾದವರು ಯಾರು ಎಂಬುದೇ ಈ ಲೇಖನದ ಪ್ರಶ್ನೆ.

ಮೆದುಳು ಬೆಳೆಯುವ ಬಗೆ

ಹಸುವಿನ ಕರು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಮನುಷ್ಯನ ಕೂಸಿಗೆ ತಲೆ ಎತ್ತಲೂ ತಿಂಗಳುಗಳು ಬೇಕು. ಹುಟ್ಟಿದಾಗ ಅದರ ಮೆದುಳಿನ ತೂಕ ವಯಸ್ಕನ ಮೆದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಮೂರು ವರ್ಷ ತುಂಬುವಷ್ಟರಲ್ಲಿ ಅದು ಶೇಕಡಾ 80ರಷ್ಟು ಗಾತ್ರವನ್ನು ಮುಟ್ಟಿರುತ್ತದೆ. ಅಂದರೆ ಮೆದುಳಿನ ಬೆಳವಣಿಗೆಯ ದೊಡ್ಡ ಪಾಲು ನಡೆಯುವುದು ಗರ್ಭದ ಕತ್ತಲಲ್ಲಿ ಅಲ್ಲ, ನಮ್ಮ ಮಡಿಲಲ್ಲಿ, ನಮ್ಮ ಕಣ್ಣೆದುರಿನಲ್ಲಿ.

ನರಕೋಶಗಳ ಬಹುಭಾಗ ಹುಟ್ಟುವ ಹೊತ್ತಿಗೇ ಸಿದ್ಧವಾಗಿರುತ್ತದೆ. ಆದರೆ ಅವುಗಳ ನಡುವಿನ ಸಂಪರ್ಕಗಳಲ್ಲಿ ಬಹಳಷ್ಟು ಇನ್ನೂ ಆಗಿರುವುದಿಲ್ಲ. ಮೊದಲ ವರ್ಷಗಳಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ಸಂಪರ್ಕಗಳು ಮೂಡುತ್ತವೆಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಶಿಶುವಿಕಾಸ ಕೇಂದ್ರದ ವಿಜ್ಞಾನಿಗಳು ಹೇಳುತ್ತಾರೆ. ಹೀಗೆ ಮೂಡಿದ್ದೆಲ್ಲ ಉಳಿಯುವುದಿಲ್ಲ. ನಮ್ಮ ಹೊಲಗಳ ಕಾಲುದಾರಿಗಳನ್ನು ನೆನೆಯಿರಿ. ದಿನವೂ ಜನ ನಡೆದಾಡಿದ ದಾರಿ ಗಟ್ಟಿಯಾಗಿ ಉಳಿಯುತ್ತದೆ. ಯಾರೂ ತುಳಿಯದ ದಾರಿಯ ಮೇಲೆ ಮುಂದಿನ ಮುಂಗಾರಿಗೆ ಹುಲ್ಲು ಬೆಳೆದು ಅದು ಇಲ್ಲವಾಗುತ್ತದೆ. ಮೆದುಳಿನಲ್ಲಿಯೂ ಹಾಗೆಯೇ. ಮತ್ತೆ ಮತ್ತೆ ಬಳಕೆಯಾದ ಸಂಪರ್ಕ ಬಲಗೊಳ್ಳುತ್ತದೆ, ಬಳಕೆಯಾಗದ್ದು ಕಳಚಿಹೋಗುತ್ತದೆ.

ಈ ದಾರಿಗಳನ್ನು ತುಳಿಯುವುದು ಹೇಗೆ? ಕೂಸು ಕೇಕೆ ಹಾಕುತ್ತದೆ, ಅಜ್ಜಿ "ಏನವ್ವಾ, ಏನಂತೀ?" ಎಂದು ಓಗೊಡುತ್ತಾಳೆ. ಕೂಸು ಅವಳ ಮುಖ ನೋಡಿ ಕಾಲು ಬಡಿಯುತ್ತದೆ, ಅವಳು ನಗುತ್ತಾಳೆ. ಅದು ಅಳುತ್ತದೆ, ಯಾರೋ ಬಂದು ಎತ್ತಿಕೊಳ್ಳುತ್ತಾರೆ. ನೋಡುವವರಿಗೆ ಇದು ಹೊತ್ತು ಕಳೆಯುವ ಆಟ. ಆದರೆ ಈ ಕರೆ ಮತ್ತು ಓಗೊಡುವಿಕೆಯಲ್ಲಿಯೇ ಭಾಷೆ, ಗಮನ, ನಂಬಿಕೆ, ತನ್ನ ಕೋಪವನ್ನು ತಾನೇ ತಡೆದುಕೊಳ್ಳುವ ಶಕ್ತಿ ಇವೆಲ್ಲ ಬೇರುಬಿಡುತ್ತವೆ. ಕನಕದಾಸರು ಹುಟ್ಟಿದ ಬಾಡ, ಶರೀಫಜ್ಜನ ಶಿಶುನಾಳ, ಇವೆರಡೂ ಶಿಗ್ಗಾವಿ ತಾಲ್ಲೂಕಿನವು. ವಿ. ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ನಾಡಿಗೆ ಇಂತಹ ನುಡಿಯನ್ನು ಕೊಟ್ಟವರೂ ಮೊದಲು ಅದನ್ನು ಯಾರದೋ ಮಡಿಲಲ್ಲಿ ಮಲಗಿಯೇ ಕೇಳಿದರು.

ಓಗೊಡುವ ಮುಖ ಒಮ್ಮೆಗೇ ಇಲ್ಲವಾದರೆ ಏನಾಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ತಾಯಿಯು ಕೂಸಿನೊಡನೆ ನಗುತ್ತ ಆಡುತ್ತಿರಬೇಕು. ಆಮೇಲೆ ಕೆಲವು ನಿಮಿಷ ಅದನ್ನು ನೋಡುತ್ತಲೇ, ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನಿರಬೇಕು. ಕೂಸು ಮೊದಲು ನಕ್ಕು ಅವಳನ್ನು ಕರೆಯುತ್ತದೆ, ಕೈಚಾಚುತ್ತದೆ, ಕೇಕೆ ಹಾಕುತ್ತದೆ. ಉತ್ತರ ಬಾರದಿದ್ದಾಗ ಕಂಗೆಡುತ್ತದೆ, ಕೊನೆಗೆ ಮುಖ ತಿರುಗಿಸಿಕೊಳ್ಳುತ್ತದೆ. ತಾಯಿ ಮತ್ತೆ ನಕ್ಕು ಮಾತನಾಡಿಸಿದರೆ ಅದು ನಿಧಾನವಾಗಿ ಸಮಾಧಾನಗೊಳ್ಳುತ್ತದೆ. ಕೆಲವು ನಿಮಿಷಗಳ ಮೌನವೇ ಇಷ್ಟು ಕಾಡುವುದಾದರೆ, ತಿಂಗಳುಗಟ್ಟಲೆಯ ಮೌನ ಏನು ಮಾಡೀತು? ಅಂಜಿದ ಕೂಸನ್ನು ಸಂತೈಸುವವರು ಯಾರೂ ಇಲ್ಲದಾಗ ಅದರ ದೇಹ ಆತಂಕದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಕಾರ್ಟಿಸಾಲ್ ಮುಂತಾದ ರಸಗಳು ಬಹುಕಾಲ ಹೆಚ್ಚಾಗಿದ್ದರೆ ಕಲಿಕೆಗೆ, ನಿದ್ರೆಗೆ, ಆರೋಗ್ಯಕ್ಕೆ ಧಕ್ಕೆಯಾಗುತ್ತದೆ. ಅತ್ತಷ್ಟೂ ಎದೆ ಗಟ್ಟಿಯಾಗುತ್ತದೆ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಯಾರೂ ಬಾರದ ಅಳು ಕೂಸಿಗೆ ಕಲಿಸುವುದು ಒಂದೇ ಪಾಠ: ಕರೆದು ಪ್ರಯೋಜನವಿಲ್ಲ.

ಶುಚಿಯಾದ ಹಾಸಿಗೆ ಸಾಲದು

ಹಾಲು, ಔಷಧ, ಶುಚಿತ್ವ ಇಷ್ಟಿದ್ದರೆ ಸಾಲದೇ ಎಂದು ಕೇಳುವವರಿಗೆ ಇತಿಹಾಸ ಕಠಿಣವಾದ ಉತ್ತರವನ್ನು ಕೊಟ್ಟಿದೆ. ವೈದ್ಯ ರೆನೆ ಸ್ಪಿಟ್ಸ್ 1940ರ ದಶಕದಲ್ಲಿ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿ ನೋಡಿದರು. ಒಂದು, ಕಾರಾಗೃಹಕ್ಕೆ ಸೇರಿದ ಶಿಶುಗೃಹ. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಅತ್ಯಂತ ಶುಚಿಯಾದ ಅನಾಥ ಶಿಶುಗಳ ಆಶ್ರಯ. ಅಲ್ಲಿ ಒಬ್ಬೊಬ್ಬ ದಾದಿಯ ಪಾಲಿಗೆ ಹಲವು ಶಿಶುಗಳಿದ್ದು, ಎತ್ತಿ ಆಡಿಸುವಷ್ಟು ಬಿಡುವು ಯಾರಿಗೂ ಇರಲಿಲ್ಲ. ಸೆರೆಮನೆಯ ಕೂಸುಗಳು ಚೆನ್ನಾಗಿ ಬೆಳೆದವು. ಶುಚಿಯಾದ ಆಶ್ರಯದ ಕೂಸುಗಳಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಎರಡು ವರ್ಷಗಳೊಳಗೆ ತೀರಿಕೊಂಡವು. ಉಳಿದವುಗಳಲ್ಲಿ ಅನೇಕವು ನಡೆಯಲಿಲ್ಲ, ಮಾತನಾಡಲಿಲ್ಲ.

ಅನಂತರ ಬ್ರಿಟಿಷ್ ವೈದ್ಯ ಜಾನ್ ಬೋಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿಯೊಂದನ್ನು ಬರೆದು, ಶಿಶುವಿಗೆ ಒಬ್ಬ ಸ್ಥಿರವಾದ ಪಾಲಕರೊಡನೆ ಬೆಸೆಯುವ ಬಾಂಧವ್ಯ ಅನ್ನದಷ್ಟೇ ಅಗತ್ಯವೆಂದು ವಾದಿಸಿದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ 1950ರ ದಶಕದಲ್ಲಿ ಆಫ್ರಿಕದ ಉಗಾಂಡಾದ ಹಳ್ಳಿಗಳಿಗೆ ಹೋಗಿ, ತಾಯಿ ಮಕ್ಕಳ ದಿನಚರಿಯನ್ನು ಮನೆಗಳಲ್ಲಿಯೇ ಕುಳಿತು ಗಮನಿಸಿದರು. ಮುಂದೆ ಅವರ ಅಧ್ಯಯನಗಳಿಂದ ತಿಳಿದುಬಂದದ್ದು ಇದು: ತನ್ನ ಕರೆಗೆ ಓಗೊಡುವವರಿದ್ದಾರೆ ಎಂಬ ಭರವಸೆಯಿರುವ ಮಗುವೇ ಧೈರ್ಯವಾಗಿ ಮಡಿಲಿನಿಂದ ಇಳಿದು ಲೋಕವನ್ನು ನೋಡಲು ಹೊರಡುತ್ತದೆ. ಎತ್ತಿಕೊಂಡರೆ ಕೂಸು ಕೆಡುತ್ತದೆ ಎಂಬ ಅಂಜಿಕೆಗೆ ಇದೇ ಉತ್ತರ.

ಇತ್ತೀಚಿನ ಹಾಗೂ ಅತ್ಯಂತ ದುಃಖಕರವಾದ ಉದಾಹರಣೆ ರುಮೇನಿಯ ದೇಶದ್ದು. ಅಲ್ಲಿ ಚೌಷೆಸ್ಕುವಿನ ಆಡಳಿತ ಜನಸಂಖ್ಯೆಯನ್ನು ಹೆಚ್ಚಿಸಲು ಕಾನೂನಿನ ಬಲವಂತವನ್ನು ಬಳಸಿತು. ಬಡತನದಿಂದ ಸಾಕಲಾಗದ ಮಕ್ಕಳು ಸರ್ಕಾರಿ ಶಿಶುಗೃಹಗಳನ್ನು ತುಂಬಿದರು. 1989ರಲ್ಲಿ ಆ ಆಡಳಿತ ಉರುಳಿದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಅಂತಹ ಸಂಸ್ಥೆಗಳಲ್ಲಿದ್ದರು. ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಬುಖಾರೆಸ್ಟ್ ನಗರದ ಆರು ಸಂಸ್ಥೆಗಳ 136 ಎಳೆಯ ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಒಪ್ಪಿಸಿದರು. ವರ್ಷಗಳು ಕಳೆದಂತೆ ಕುಟುಂಬ ದೊರೆತ ಮಕ್ಕಳ ಬುದ್ಧಿಶಕ್ತಿ, ಬಾಂಧವ್ಯ, ಮೆದುಳಿನ ವಿದ್ಯುತ್ ಚಟುವಟಿಕೆ ಎಲ್ಲವೂ ಸುಧಾರಿಸಿದವು. ಸಂಸ್ಥೆಯ ಪಾಲನೆಯಲ್ಲಿಯೇ ಮುಂದುವರಿದ ಮಕ್ಕಳು ಹಿಂದುಳಿದರು. ಎರಡು ವರ್ಷ ತುಂಬುವ ಮೊದಲೇ ಮಡಿಲು ಸಿಕ್ಕ ಮಕ್ಕಳಲ್ಲಿ ಸುಧಾರಣೆ ಹೆಚ್ಚು ಸ್ಪಷ್ಟವಾಗಿತ್ತು.

ಕಥೋಲಿಕರಾದ ನಾವು ಈ ಉದಾಹರಣೆಯನ್ನು ಎರಡು ಸಲ ಓದಬೇಕು. ಮಕ್ಕಳು ಹುಟ್ಟಲಿ ಎಂದಷ್ಟೇ ಹೇಳಿ, ಹುಟ್ಟಿದವರನ್ನು ಎತ್ತಿಕೊಳ್ಳುವವರು ಯಾರೆಂದು ಕೇಳದ ಸಮಾಜದ ಚಿತ್ರ ಇದು. ನಾವು ಜೀವಪರರು. ಗರ್ಭಸ್ಥ ಶಿಶುವಿನ ಹಕ್ಕಿಗಾಗಿ ಧ್ವನಿಯೆತ್ತುತ್ತೇವೆ, ಎತ್ತಲೇಬೇಕು. ಆದರೆ ಮೊದಲನೆಯ ಗರ್ಭವನ್ನು ಪವಿತ್ರವೆಂದು ಸಾರಿದವರಿಗೆ ಎರಡನೆಯ ಗರ್ಭದ ಜವಾಬ್ದಾರಿಯೂ ಇದೆ. ನಮ್ಮ ಧರ್ಮಭಗಿನಿಯರು ಅನಾಥ ಮಕ್ಕಳಿಗಾಗಿ ತಮ್ಮ ಜೀವವನ್ನೇ ಸವೆಸಿದ್ದಾರೆ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ಸಂಸ್ಥೆಯೆಂಬುದು ಕೊನೆಯ ಆಸರೆಯಾಗಬೇಕು, ಕುಟುಂಬವೇ ಮೊದಲಾಗಬೇಕು ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳಿರುವುದು ನಮ್ಮ ಶ್ರದ್ಧೆಗೆ ವಿರುದ್ಧವಾದುದಲ್ಲ. ದೇವಕುಮಾರನೇ ಒಂದು ಮನೆಯಲ್ಲಿ ಬೆಳೆದನಲ್ಲವೇ?

ಹಾಗಾದರೆ ತಪ್ಪು ತಾಯಿಯದೇ?

ಇಲ್ಲಿಯವರೆಗೆ ಓದಿದ ತಾಯಂದಿರ ಮನಸ್ಸಿನಲ್ಲಿ ಅಳುಕು ಮೂಡಿರಬಹುದು. ಕೂಲಿಗೆ ಹೋದ ದಿನ, ಬೇಸತ್ತು ಕೂಸನ್ನು ಗದರಿದ ಸಂಜೆ ನೆನಪಾಗಿರಬಹುದು. ಅವರಿಗೆ ಟ್ರಾನಿಕ್ ಅವರ ಅಧ್ಯಯನಗಳೇ ಸಮಾಧಾನ ಹೇಳುತ್ತವೆ. ಒಳ್ಳೆಯ ತಾಯಿ ಮಕ್ಕಳಲ್ಲಿಯೂ ಪರಸ್ಪರ ಭಾವ ಪೂರ್ತಿ ಹೊಂದಿಕೊಂಡಿರುವುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುತ್ತಿರುತ್ತದೆ, ಮತ್ತೆ ಸರಿಹೋಗುತ್ತಿರುತ್ತದೆ. ತಪ್ಪಿದ್ದು ಸರಿಹೋಗುತ್ತದೆ ಎಂಬ ಅನುಭವವೇ ಮಗುವಿಗೆ ಭರವಸೆಯನ್ನು ಕಲಿಸುತ್ತದೆ. ಕ್ಷಮೆ ಮತ್ತು ಸಂಧಾನದ ಮೊದಲ ಪಾಠ ಪಾಪನಿವೇದನೆಯ ಪೀಠಕ್ಕಿಂತ ಬಹಳ ಮೊದಲೇ ತಾಯಿಯ ಮಡಿಲಲ್ಲಿ ನಡೆಯುತ್ತದೆ ಎನ್ನಬಹುದು. ಕೂಸಿಗೆ ಬೇಕಾದುದು ಕುಂದಿಲ್ಲದ ತಾಯಿಯಲ್ಲ, ಮರಳಿ ಬರುವ ತಾಯಿ.

ಇನ್ನೊಂದು ಮಾತು. ಮಗು ಒಬ್ಬರಿಗೇ ಅಂಟಿಕೊಳ್ಳುವುದಿಲ್ಲ. ತಂದೆ, ಅಜ್ಜಿ, ಅಜ್ಜ, ಸೋದರತ್ತೆ, ದತ್ತು ಪಡೆದ ತಾಯಿ ಯಾರೇ ಆಗಲಿ, ದಿನವೂ ಅದೇ ಮುಖ, ಅದೇ ಕೈ, ಅದೇ ದನಿಯಾಗಿ ಒದಗಿದರೆ ಕೂಸು ಅವರೊಡನೆ ಬೆಸೆದುಕೊಳ್ಳುತ್ತದೆ. ಕೆಲವೇ ಮುಖಗಳಿರಲಿ, ಅವು ಸ್ಥಿರವಾಗಿರಲಿ ಎಂಬುದಷ್ಟೇ ಅದರ ಬೇಡಿಕೆ.

ಮುಖ ಸಪ್ಪಗಾಗಿ ಸುಮ್ಮನಾಗುವ ತಾಯಿ ಬೇಕೆಂದು ಹಾಗೆ ಮಾಡುವುದಿಲ್ಲ. ನಮ್ಮ ನೆರೆಯ ಗೋವೆಯ ಆಸ್ಪತ್ರೆಯೊಂದರಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇಕಡಾ 23ರಷ್ಟು ತಾಯಂದಿರು ಖಿನ್ನತೆಯಿಂದ ಬಳಲುತ್ತಿದ್ದರು. ಬಡತನ, ಗಂಡನ ಹಿಂಸೆ ಇವು ಆ ಖಿನ್ನತೆಯ ಜೊತೆಗೂಡಿದ್ದವು. ಹುಟ್ಟಿದ್ದು ಹೆಣ್ಣಾದರೆ ಅಪಾಯ ಇನ್ನೂ ಹೆಚ್ಚುತ್ತಿತ್ತು. ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ಅಂತಹ ತಾಯಂದಿರ ಕೂಸುಗಳು ಆರು ತಿಂಗಳಲ್ಲಿ ತೂಕದಲ್ಲಿಯೂ ವಿಕಾಸದಲ್ಲಿಯೂ ಹಿಂದೆ ಬಿದ್ದಿದ್ದವು. ಇದು ದೂರದ ದೇಶದ ಕಥೆಯಲ್ಲ. ನಮ್ಮ ಅನೇಕ ಕುಟುಂಬಗಳ ನೆಂಟರಿಷ್ಟರು ಇರುವ ನಾಡಿನ ಕಥೆ.

ಸವಣೂರು ತಾಲ್ಲೂಕಿನ ಒಂದು ಊರಿನಲ್ಲಿ ಎರಡನೆಯ ಹೆಣ್ಣುಮಗುವನ್ನು ಹೆತ್ತ ತಾಯಿಯೊಬ್ಬಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಕೂಸಿಗೆ ಹಾಲೂಡುತ್ತಿದ್ದಳು, ಆದರೆ ಅದರ ಮುಖವನ್ನು ನೋಡುತ್ತಿರಲಿಲ್ಲ. ಮನೆಯವರು ಅವಳನ್ನು ಮೈಗಳ್ಳಿ ಎಂದರು, ಗಾಳಿ ಸೋಕಿದೆ ಎಂದರು. ನೆರೆಮನೆಯ ಮುಸ್ಲಿಂ ಅಜ್ಜಿಯೊಬ್ಬಳು ಮಾತ್ರ ದಿನವೂ ಬಂದು, ಕೂಸನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು ಎರೆದು, ಒರೆಸಿ, ತಾಯಿಯ ಪಕ್ಕದಲ್ಲಿ ಕುಳಿತು, "ಮೊದಲ ನೀ ಉಣ್ಣವ್ವಾ, ಕೂಸಿನ ಕೂಡ ನಾ ಇರ್ತೇನಿ" ಎನ್ನುತ್ತಿದ್ದಳು. ಉಪದೇಶ ಮಾಡಲಿಲ್ಲ, ಗದರಲಿಲ್ಲ. ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಗಂಡನಿಗೆ ಹೇಳಿದವಳೂ ಅವಳೇ. ಕೆಲವು ತಿಂಗಳಲ್ಲಿ ಆ ತಾಯಿ ಚೇತರಿಸಿಕೊಂಡಳು. ಕೂಸನ್ನು ಉಳಿಸಬೇಕಾದರೆ ಕೂಸನ್ನು ಹೊತ್ತವಳನ್ನು ಯಾರಾದರೂ ಹೊರಬೇಕು ಎಂಬುದನ್ನು ಆ ಅಜ್ಜಿ ಯಾವ ಗ್ರಂಥದಿಂದಲೂ ಕಲಿತವಳಲ್ಲ.

ಈ ಕಾಯಿಲೆಗೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಲ್ಲಿ ತಾಯಿ ಮತ್ತು ಶಿಶುವನ್ನು ಬೇರ್ಪಡಿಸದೆ ಒಟ್ಟಿಗೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗ ಆರಂಭವಾಯಿತು. ನಮಗೆ ಹತ್ತಿರವಾದುದು ಧಾರವಾಡದ ಡಿಮ್ಹಾನ್ಸ್. ಕೂಡಲೇ ಹೊರಡಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಕರೆ ಮಾಡಿ ಮಾತನಾಡಬಹುದು. ಹೆರಿಗೆಯಾದ ಎರಡು ವಾರಗಳ ಮೇಲೂ ತಾಯಿ ಸದಾ ಅಳುತ್ತಿದ್ದರೆ, ಕೂಸಿನಲ್ಲಿ ಆಸಕ್ತಿಯಿಲ್ಲದಿದ್ದರೆ, ನಿದ್ರೆ ಬಾರದಿದ್ದರೆ, ಸಾಯುವ ಮಾತನಾಡಿದರೆ ತಡಮಾಡಬೇಡಿರಿ. ಪ್ರಾರ್ಥನೆಯೂ ಬೇಕು, ವೈದ್ಯರೂ ಬೇಕು. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ನಮ್ಮ ಸೀಮೆಯ ಸಿರಿ, ನಮ್ಮ ಸೀಮೆಯ ಕೊರತೆ

ನಮ್ಮ ಹಿರಿಯರಿಗೆ ಎರಡನೆಯ ಗರ್ಭದ ಅರಿವಿತ್ತು. ಬಾಣಂತಿಯನ್ನು ತವರಿನಲ್ಲಿ ತಿಂಗಳುಗಟ್ಟಲೆ ಇರಿಸಿಕೊಳ್ಳುವುದು, ಅಂಟಿನುಂಡೆ ಕಟ್ಟುವುದು, ಎಣ್ಣೆ ನೀರು, ಹಳೆಯ ಸೀರೆಯ ಮೆತ್ತನೆಯ ಕೌದಿ, ಕುಂಚಿಗೆ, ಜೋಗುಳ, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವುದು, ಇವೆಲ್ಲವೂ ಕೂಸಿಗೂ ತಾಯಿಗೂ ಸುತ್ತಲೂ ಕೈಗಳನ್ನು ಒದಗಿಸುವ ಏರ್ಪಾಡುಗಳು. ಲಿಂಗಾಯತರಿರಲಿ, ಮುಸ್ಲಿಮರಿರಲಿ, ನಾವಿರಲಿ, ಈ ಪದ್ಧತಿಗಳಲ್ಲಿ ಬಹುಪಾಲು ಒಂದೇ.

ಆದರೆ ಈ ಸಿರಿ ಉಳ್ಳವರ ಮನೆಯಲ್ಲಿ ಉಳಿಯುವಷ್ಟು ಕೂಲಿಕಾರರ ಮನೆಯಲ್ಲಿ ಉಳಿಯುವುದಿಲ್ಲ. ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ನಾಟಿ, ಗೋವಿನಜೋಳದ ಹೊಲದಲ್ಲಿ ಕಳೆ, ಬೀಜೋತ್ಪಾದನೆಯ ಹತ್ತಿಯ ಹೊಲದಲ್ಲಿ ಹೂವಿಗೆ ಹೂ ಮುಟ್ಟಿಸುವ ಕ್ರಾಸಿಂಗ್, ಇವು ಬಾಣಂತಿಗಾಗಿ ಕಾಯುವ ಕೆಲಸಗಳಲ್ಲ. ಕೂಸನ್ನು ಎಂಟು ಹತ್ತು ವರ್ಷದ ಅಕ್ಕನ ಸೊಂಟಕ್ಕೇರಿಸಿ ತಾಯಿ ಹೊಲಕ್ಕೆ ಹೋಗುತ್ತಾಳೆ. ಅಲ್ಲಿಗೆ ಒಬ್ಬಳ ಶಾಲೆಯೂ ಇನ್ನೊಬ್ಬರ ಮಡಿಲೂ ಒಟ್ಟಿಗೇ ಹೋದವು. ಕೆಲಸ ಹುಡುಕಿ ಗೋವೆ, ಮಂಗಳೂರುಗಳಿಗೆ ವಲಸೆ ಹೋಗುವ ಕುಟುಂಬಗಳ ಕೂಸುಗಳು ಕಟ್ಟಡದ ಮರಳಿನ ರಾಶಿಯ ಪಕ್ಕದಲ್ಲಿ ಬೆಳೆಯುತ್ತವೆ.

ಕಾನೂನು ಏನೂ ಮಾಡಿಲ್ಲವೆಂದಲ್ಲ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಲಾಯಿತು. ಆದರೆ ದಿನಗೂಲಿಯ ಹೆಂಗಸಿಗೆ ರಜೆ ಕೊಡುವ ಮಾಲೀಕ ಯಾರು? 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರದಲ್ಲಿ ಬೇರೂರಿ, ಇಂದು ಊರೂರಿಗೂ ಅಂಗನವಾಡಿಯನ್ನು ತಂದಿದೆ. 2017ರಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಬಾಣಂತಿಯರಿಗೆ ಅಲ್ಲಿ ಬಿಸಿಯೂಟದ ಏರ್ಪಾಡಾಯಿತು. ಆದರೂ ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರು ವರ್ಷ ತುಂಬಿದ ಮೇಲೆ. ಮೆದುಳು ಅತಿ ವೇಗವಾಗಿ ಬೆಳೆಯುವ ಮೊದಲ ಮೂರು ವರ್ಷ ಹಗಲಿನ ಪಾಲನೆಯಿಲ್ಲದೆ ಕಳೆದುಹೋಗುತ್ತವೆ. ಈ ಕೊರತೆಯನ್ನು ನೀಗಲೆಂದೇ 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಲಾಯಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ಬಾಗಿಲು ತೆರೆದಿದೆಯೇ, ಎಷ್ಟು ಕೂಸುಗಳಿಗೆ ಒಬ್ಬ ಆರೈಕೆದಾರಳಿದ್ದಾಳೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವುದು ಕ್ರೈಸ್ತ ಕರ್ತವ್ಯವೇ ಆಗಿದೆ.

ಉಳ್ಳವರ ಮನೆಯಲ್ಲಿ ಬೇರೊಂದು ಕೊರತೆ ಬಂದಿದೆ. ಅಳುವ ಕೂಸಿನ ಕೈಗೆ ಮೊಬೈಲ್ ಫೋನ್ ಕೊಡುವುದು ರೂಢಿಯಾಗಿದೆ. ಫೋನು ಹಾಡುತ್ತದೆ, ಕುಣಿಯುತ್ತದೆ, ಆದರೆ ಕೂಸು ನಕ್ಕರೆ ಅದು ನಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಒಂದು ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಬೇಡವೆಂದು ಸೂಚಿಸಿದೆ. ಹಾಲೂಡುವ ತಾಯಿಯ, ಎತ್ತಿಕೊಂಡ ತಂದೆಯ ಕಣ್ಣು ಫೋನಿನ ಮೇಲಿದ್ದರೆ, ಟ್ರಾನಿಕ್ ಅವರ ಪ್ರಯೋಗವನ್ನು ನಾವು ದಿನಕ್ಕೆ ಹತ್ತು ಸಲ ಮನೆಯಲ್ಲಿಯೇ ಮಾಡಿದಂತೆ.

ತಡವಾಯಿತೆಂದು ನೊಂದವರಿಗೆ

ಬಾಲ್ಯದಲ್ಲಿ ಮಡಿಲು ಸಿಗದೆ ಬೆಳೆದವರೂ ಈ ಅಂಕಣವನ್ನು ಓದುತ್ತಿರಬಹುದು. ಅವರಿಗೆ ಬಾಗಿಲು ಮುಚ್ಚಿತು ಎಂದು ವಿಜ್ಞಾನವೂ ಹೇಳುವುದಿಲ್ಲ, ಧರ್ಮಸಭೆಯೂ ಹೇಳುವುದಿಲ್ಲ. ಮೆದುಳು ಮೊದಲ ವರ್ಷಗಳಲ್ಲಿ ಅತ್ಯಂತ ಮೃದು, ಆದರೆ ಅದು ಜೀವಮಾನವಿಡೀ ಕಲಿಯುತ್ತದೆ. ಒಬ್ಬ ಶಿಕ್ಷಕಿ, ಒಬ್ಬ ಒಳ್ಳೆಯ ಸಂಗಾತಿ, ಕೈಬಿಡದ ಒಬ್ಬ ಗೆಳೆಯ ಹಳೆಯ ಗಾಯವನ್ನು ಮಾಯಿಸಿದ ಉದಾಹರಣೆಗಳು ನಮ್ಮ ಸುತ್ತಲೇ ಇವೆ. ಹುಲ್ಲು ಬೆಳೆದ ದಾರಿಯನ್ನೂ ಮತ್ತೆ ತುಳಿಯಬಹುದು, ಹೆಚ್ಚು ದಿನ ಬೇಕಾಗುತ್ತದೆ ಅಷ್ಟೆ. ಕೃಪೆಯು ಪ್ರಕೃತಿಯನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಅಕ್ವಿನಾಸರ ಬೋಧನೆಯ ತಿರುಳು. ತಾಯಿ ಮರೆತರೂ ದೇವರು ಮರೆಯನೆಂದು ಪ್ರವಾದಿ ಯೆಶಾಯನು ಸಾರಿದ್ದು ಅಂಥವರಿಗಾಗಿಯೇ.

ಎರಡನೆಯ ಗರ್ಭವನ್ನು ಹೊರುವವರು

ಮಕ್ಕಳ ಶಿಕ್ಷಣದಲ್ಲಿ ತಂದೆತಾಯಿಗಳೇ ಮೊದಲಿಗರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಮಗುವಿಗೆ ತಾಯಿಯ ಪ್ರೀತಿಯಷ್ಟೇ ತಂದೆಯ ಪ್ರೀತಿಯೂ ಬೇಕೆಂದು ಪೋಪ್ ಫ್ರಾನ್ಸಿಸರು 2016ರ ತಮ್ಮ ಕುಟುಂಬ ಕುರಿತ ಪ್ರಬೋಧನೆಯಲ್ಲಿ ಬರೆದರು. ಇವೆರಡನ್ನೂ ನಮ್ಮ ಮನೆಗಳಿಗೆ ಅನ್ವಯಿಸಿದರೆ ಏನಾಗುತ್ತದೆ?

ಮೊದಲು ತಂದೆಯರಿಗೆ. ಕೂಸನ್ನು ಎತ್ತಿಕೊಳ್ಳುವುದು ಗಂಡಸಿಗೆ ಅವಮಾನವಲ್ಲ. ಸಂತ ಜೋಸೇಫರು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟವರು. ದಿನಕ್ಕೆ ಅರ್ಧ ಗಂಟೆ ಕೂಸಿನೊಡನೆ ಮಾತನಾಡಿರಿ. ಅದಕ್ಕೆ ಅರ್ಥವಾಗದಿದ್ದರೂ ಅದು ಕಲಿಯುತ್ತದೆ. ಕುಡಿದು ಬಂದು ಹೆಂಡತಿಯ ಮೇಲೆ ಎತ್ತಿದ ದನಿ ತೊಟ್ಟಿಲನ್ನೂ ಮುಟ್ಟುತ್ತದೆ ಎಂಬುದನ್ನು ಮರೆಯಬೇಡಿರಿ.

ಅಜ್ಜಿಯರಿಗೆ. ನಿಮ್ಮ ಮಡಿಲು, ನಿಮ್ಮ ಜೋಗುಳ ಹಳೆಯ ಕಾಲದ್ದಲ್ಲ. ಹೆಣ್ಣು ಹುಟ್ಟಿದಾಗ ಮೊದಲು ನಗಬೇಕಾದ ಮುಖ ನಿಮ್ಮದು. ಸೊಸೆಯು ಅದನ್ನೇ ನೋಡುತ್ತಿರುತ್ತಾಳೆ.

ಜ್ಞಾನ ತಂದೆತಾಯಿಗಳಿಗೆ. ದೀಕ್ಷಾಸ್ನಾನದ ದಿನ ಉಡುಗೊರೆ ಕೊಟ್ಟಲ್ಲಿಗೆ ನಿಮ್ಮ ಕೆಲಸ ಮುಗಿಯಲಿಲ್ಲ. ಮೊದಲ ಮೂರು ವರ್ಷ ತಿಂಗಳಿಗೊಮ್ಮೆಯಾದರೂ ಆ ಮನೆಗೆ ಹೋಗಿ, ಒಂದು ಮಧ್ಯಾಹ್ನ ಕೂಸನ್ನು ನೋಡಿಕೊಂಡು ತಾಯಿಗೆ ನಿದ್ರೆ ಮಾಡಲು ಬಿಡಿರಿ. ಅದು ಬೆಳ್ಳಿಯ ಬಳೆಗಿಂತ ದೊಡ್ಡ ಉಡುಗೊರೆ.

ಧರ್ಮಕೇಂದ್ರಗಳಿಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಸಂಖ್ಯೆಯಲ್ಲಿ ಬಹಳ ಕಡಿಮೆ. ಆದ್ದರಿಂದಲೇ ಯಾವ ಮನೆಯಲ್ಲಿ ಯಾರು ಬಾಣಂತಿ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಮಹಿಳಾ ಸಂಘದವರು ಸರದಿಯಂತೆ ನಲವತ್ತು ದಿನ ಆ ಮನೆಗೆ ಹೋಗಿ ಬರಲಿ, ನೆರೆಯ ಬಾಣಂತಿ ಯಾವ ಧರ್ಮದವಳಾದರೂ ಅವಳ ಮನೆಗೂ ಹೋಗಲಿ. ದೀಕ್ಷಾಸ್ನಾನದ ಸಿದ್ಧತೆ ಹೆರಿಗೆಯ ಮೊದಲೇ, ತಂದೆಯೂ ಇರುವಾಗ ನಡೆಯಲಿ. ಬಲಿಪೂಜೆಯಲ್ಲಿ ಕೂಸು ಅತ್ತರೆ ತಿರುಗಿ ನೋಡಿ ಹುಬ್ಬು ಗಂಟಿಕ್ಕಬೇಡಿರಿ. ಪೋಪ್ ಫ್ರಾನ್ಸಿಸರು ಸಿಸ್ಟೀನ್ ಪ್ರಾರ್ಥನಾಲಯದಲ್ಲಿಯೇ, ಹಸಿದ ಕೂಸಿಗೆ ಹಾಲೂಡಲು ಹಿಂಜರಿಯಬೇಡಿರೆಂದು ತಾಯಂದಿರಿಗೆ ಹೇಳಿದ್ದರು. ಬಡತನದ ಕಾರಣಕ್ಕೆ ಎಳೆಯ ಮಗುವನ್ನು ವಸತಿಗೃಹಕ್ಕೆ ಬಿಡಲು ಬಂದ ತಂದೆತಾಯಿಗಳಿಗೆ ಮೊದಲು ಪ್ರವೇಶದ ಅರ್ಜಿಯನ್ನು ಕೊಡದೆ, ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳಲು ಎಷ್ಟು ನೆರವು ಬೇಕೆಂದು ಕೇಳೋಣ.

ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬಡ ದಂಪತಿಗಳು ಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಬರುತ್ತಾರೆ. ಕುರಿಮರಿಯನ್ನು ಕೊಡುವ ಶಕ್ತಿ ಅವರಿಗಿಲ್ಲ, ಪಕ್ಷಿಗಳ ಕಾಣಿಕೆ ತಂದಿದ್ದಾರೆ. ದೇವಾಲಯದ ಮುದುಕ ಸಿಮೆಯೋನನು ಅವರಿಗೆ ಮೊದಲು ಮಾಡಿದ ಕೆಲಸವೆಂದರೆ ಕೂಸನ್ನು ತನ್ನ ತೋಳುಗಳಲ್ಲಿ ತೆಗೆದುಕೊಂಡದ್ದು. ಅನಂತರವೇ ಅವನು ದೇವರನ್ನು ಸ್ತುತಿಸಿದನು. ಆ ಕ್ರಮವನ್ನು ನಾವೂ ಕಲಿಯೋಣ.